ಶಾಸನವಿಲ್ಲದ ತಾಯಿ

ಹಾಸನ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲಿನ ಮೇಲಿನ ಬರವಣಿಗೆಗೂ ಬರವಿಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ಕಲೆಹಾಕಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹೊರತಂದರು. ಅದರ ಪುಟಗಳಲ್ಲಿ ಅರಸರಿದ್ದಾರೆ, ದಂಡನಾಯಕರಿದ್ದಾರೆ, ಊರಿಗಾಗಿ ಕಾದಿ ಮಡಿದ ವೀರರಿದ್ದಾರೆ. ತಾಯಂದಿರೂ ಇಲ್ಲದಿಲ್ಲ, ಆದರೆ ಕಲ್ಲಿನಲ್ಲಿ ಅವರಿಗೆ ಸ್ಥಳ ದೊರೆತಿರುವುದು ಹೆಚ್ಚಾಗಿ ದೊಡ್ಡವರ ತಾಯಂದಿರೆಂಬ ಕಾರಣದಿಂದ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಒಂದು ಬಸದಿಯನ್ನು ಕಟ್ಟಿಸಿದನು. ಇಂದು ಜನ ಅದನ್ನು ಕತ್ತಲೆ ಬಸದಿ ಎನ್ನುತ್ತಾರೆ. ಪಟ್ಟದರಸಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ ಆಕೆಯ ತಾಯಿ ಮಾಚಿಕಬ್ಬೆ ಮಗಳ ಅಗಲಿಕೆಯನ್ನು ತಾಳಲಾರದೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಕಾಲ ಅನ್ನ ತೊರೆದು ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ.

ಈ ತಾಯಂದಿರ ಭಕ್ತಿಯನ್ನು ಶಾಸನಕವಿಗಳು ಮನದಣಿಯೆ ಹೊಗಳಿದ್ದಾರೆ. ಅವರ ದುಡಿಮೆಯ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಭಕ್ತಿ ಒಂದು, ದುಡಿಮೆ ಒಂದು. ಮೊದಲನೆಯದು ಬರೆದಿಡತಕ್ಕದ್ದು, ಎರಡನೆಯದು ಮರೆಯತಕ್ಕದ್ದು ಎಂಬ ಭಾವನೆ ಹನ್ನೆರಡನೆಯ ಶತಮಾನದ್ದು ಮಾತ್ರವಲ್ಲ. ದೇವಾಲಯದ ಪೀಠದಿಂದ ಅದೇ ಮಾತನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಆ ಮಾತನ್ನು ಒಪ್ಪದೆ ಬಾಳಿದ ಒಬ್ಬ ತಾಯಿಯನ್ನೂ ಕಂಡಿದ್ದೇನೆ. ಆಕೆ ನನ್ನ ತಾಯಿ. ಹಳೇಬೀಡು, ಬೇಲೂರು, ಅರಸೀಕೆರೆಗಳಲ್ಲಿ ಸರ್ಕಾರದ ಹೆರಿಗೆ ನರ್ಸಾಗಿ ಜೀವ ಸವೆಸಿದವಳು.

ಧಾತು ಈಶ್ವರದ ಮಗು

ಶಾಸನಗಳಲ್ಲಿ ಮೊದಲು ಬರುವುದು ವಂಶಾವಳಿ. ನಮ್ಮ ವಂಶಾವಳಿ ಒಂದು ಬರಗಾಲದಿಂದ ಮೊದಲಾಗುತ್ತದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಆ ಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರದ ಬರ’ ಎನ್ನುತ್ತಿದ್ದರು. ಸಂಸ್ಥಾನದ ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಮಂದಿ ಅಳಿದರೆಂದು ಲೆಕ್ಕ. ತಂದೆತಾಯಿಗಳು ದಾರಿಯ ಬದಿಯಲ್ಲಿ ಬಿದ್ದುಹೋದ ಮೇಲೆ ಉಳಿದ ಮಕ್ಕಳನ್ನು ಸಾಕಲು ವೆಸ್ಲಿಯನ್ ಮಿಷನ್ನಿನವರು ಅನಾಥಾಲಯಗಳನ್ನು ನಡೆಸಿದರು, ಹಾಸನದಲ್ಲಿದ್ದುದು ಹುಡುಗಿಯರದು. ಅಲ್ಲಿ ಬೆಳೆದ ಮಕ್ಕಳಲ್ಲಿ ನನ್ನ ತಾಯಿಯ ಅಜ್ಜಿಯೂ ಒಬ್ಬಳು.

ಬಂದಾಗ ಆ ಮಗುವಿಗೆ ನಾಲ್ಕೋ ಐದೋ ವರುಷ. ಯಾವ ಊರು, ಯಾವ ಕುಲ, ಹೆತ್ತವರು ಯಾರು ಎಂಬುದೊಂದೂ ಅದಕ್ಕೆ ತಿಳಿಯದು. ಹೆತ್ತ ತಾಯಿ ಹುಣಿಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ತಾನು ಅಗಿದು ಮೆತ್ತಗೆ ಮಾಡಿ ಬಾಯಿಗಿಟ್ಟದ್ದು ಮಾತ್ರ ನೆನಪಿತ್ತಂತೆ. ಹೆಸರು ದೀಕ್ಷಾಸ್ನಾನದಲ್ಲಿ ಬಂದದ್ದು. ಹೀಗೆ ಹೊಯ್ಸಳರ ಸೀಮೆಯಲ್ಲಿ ಸಳನಿಂದ ಹಿಡಿದು ಹೆಸರು ಹೇಳಿಕೊಳ್ಳುವ ಕಲ್ಲುಗಳ ನಡುವೆ, ನಮ್ಮ ಮನೆತನದ ಮೂಲಪುರುಷ ಒಬ್ಬ ಹೆಸರಿಲ್ಲದ ಹೆಂಗಸು. ಆಕೆಯ ಚರಿತ್ರೆ ಒಂದು ಹಿಡಿ ಹುಣಿಸೆಬೀಜ. ನಮ್ಮವ್ವ ಇದನ್ನು ಹೇಳುವಾಗ ದುಃಖಪಡುತ್ತಿರಲಿಲ್ಲ. “ಆಕೆ ತಿಂದಿದ್ದರೆ ನಾವಿಲ್ಲ” ಎನ್ನುತ್ತಿದ್ದಳು, ಅಷ್ಟೆ.

ಅವ್ವ ಹುಟ್ಟಿದ್ದು 1921ರಲ್ಲಿ, ಹಾಸನದಲ್ಲಿ. ಮಿಷನ್ ಶಾಲೆಯ ಓದು ಮುಗಿದ ಮೇಲೆ ಅಲ್ಲಿಯ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಲ್ಲಿ ಹೆರಿಗೆಯ ಕೆಲಸ ಕಲಿತಳು. ಮದುವೆಯಾಗಿ ಬಂದದ್ದು ಅರಸೀಕೆರೆಗೆ. ನನ್ನ ತಂದೆ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಗಿ, ಮೆಥಾಡಿಸ್ಟರಾಗಿದ್ದ ನಮ್ಮವರೆಲ್ಲ ಆ ಸಭೆಯವರಾದರು. ದೊಡ್ಡವರು ಇದನ್ನು ಬಹಳ ಚರ್ಚಿಸಿದರಂತೆ. ಪುಸ್ತಕ ಅದೇ, ರಾಗ ಅದೇ, ನೆಲ ಗುಡಿಸುವ ಸರದಿಯೂ ಅದೇ ಎಂದು ಅವ್ವನಿಗೆ ಸಮಾಧಾನ.

1954ರಲ್ಲಿ ತಂದೆ ವಿಷಮಶೀತಜ್ವರದಿಂದ ತೀರಿಕೊಂಡರು. ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ತಂಗಿ ಇನ್ನೂ ಹೊಟ್ಟೆಯಲ್ಲಿದ್ದಳು. ಮರುವರ್ಷ ಅವ್ವ ಸರ್ಕಾರಿ ನೌಕರಿಗೆ ಸೇರಿದಳು. ಮೊದಲ ಸ್ಥಳ ಹಳೇಬೀಡು.

ದೋರಸಮುದ್ರದ ನರ್ಸಮ್ಮ

ಬಾಣಾವರ, ಜಾವಗಲ್ಲುಗಳ ಮೇಲೆ ಬಸ್ಸಿನಲ್ಲಿ ಹಳೇಬೀಡಿಗೆ ಬಂದಿಳಿದಾಗ ನಮ್ಮೊಡನೆ ಇದ್ದ ಸಾಮಾನು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಮುಟ್ಟಲು ನಮಗೆ ಅಪ್ಪಣೆಯಿರಲಿಲ್ಲ. ಕತ್ತರಿ, ಹೊಕ್ಕುಳುಬಳ್ಳಿ ಕಟ್ಟುವ ದಾರ, ಡೆಟಾಲ್ ಸೀಸೆ, ಹತ್ತಿ, ಉಗುರು ತಿಕ್ಕುವ ಕುಂಚ, ಒಗೆದು ಮಡಿಸಿಟ್ಟ ಬಿಳಿಯ ಬಟ್ಟೆ, ಎಲ್ಲದರ ಅಡಿಯಲ್ಲಿ ಚಿಕ್ಕ ಅಕ್ಷರದ ಹೊಸ ಒಡಂಬಡಿಕೆ. ಅದನ್ನು ಅಲ್ಲೇಕೆ ಇಟ್ಟಿದ್ದೀಯೆ ಎಂದು ಕೇಳಿದರೆ, ಕಾಯುವುದು ಬಹಳ ಹೊತ್ತು ಎಂಬುದೇ ಉತ್ತರ. ಹೆರಿಗೆಯ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ ಎಂದು ನನಗೆ ಆಮೇಲೆ ತಿಳಿಯಿತು.

ಆ ಕಾಲದ ಹಳ್ಳಿಯಲ್ಲಿ ಹೆರಿಗೆ ಸೂಲಗಿತ್ತಿಯ ಕೆಲಸ. ಅನುಭವದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೂಸು ಅಡ್ಡ ತಿರುಗಿರುವುದನ್ನು ಹೊಟ್ಟೆಯ ಮೇಲೆ ಕೈಯಿಟ್ಟೇ ಹೇಳುತ್ತಿದ್ದರು. ತೊಂದರೆಯಿದ್ದದ್ದು ಕುಡುಗೋಲಿನಲ್ಲಿ. ಹೊಲದಿಂದ ಬಂದ ಕುಡುಗೋಲಿನಿಂದ ಬಳ್ಳಿ ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದರು. ಏಳೆಂಟು ದಿನ ಕಳೆಯುವಷ್ಟರಲ್ಲಿ ಚೆನ್ನಾಗಿದ್ದ ಮಗು ಮೊಲೆ ಹಿಡಿಯದಾಗುತ್ತಿತ್ತು. ದವಡೆ ಕಚ್ಚಿಕೊಂಡು ಮೈ ಬಿಲ್ಲಾಗುತ್ತಿತ್ತು. ದೃಷ್ಟಿಯೆಂದು, ಗ್ರಹವೆಂದು ಜನ ಅಳುತ್ತಿದ್ದರು. ಅದು ಧನುರ್ವಾಯು, ಮಣ್ಣಿನಿಂದ, ಸಗಣಿಯಿಂದ ಗಾಯದೊಳಗೆ ಸೇರುವ ರೋಗ.

ಅವ್ವ ಸೂಲಗಿತ್ತಿಯರನ್ನು ಬೈಯಲಿಲ್ಲ, ಮೇಲಿನವರಿಗೆ ದೂರು ಬರೆಯಲಿಲ್ಲ. ಊರಿನ ಹಿರಿಯ ಸೂಲಗಿತ್ತಿಯ ಮನೆಗೆ ತಾನೇ ಹೋಗಿ, “ದೊಡ್ಡವ್ವ, ನಿನ್ನ ಕೈ ನನಗೆ ಕಲಿಸಿಕೊಡು, ನನ್ನ ಕತ್ತರಿ ನಿನಗೆ ಕೊಡುತ್ತೇನೆ” ಎಂದಳು. ಮುದುಕಿ ಮೂರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯ ತಿಂಗಳು ಒಂದು ಕಷ್ಟದ ಹೆರಿಗೆಗೆ ತಾನೇ ಹೇಳಿಕಳುಹಿಸಿದಳು. ಅಲ್ಲಿಂದ ಮುಂದೆ ಇಬ್ಬರೂ ಜೊತೆಯಾಗಿ ಹೋಗುತ್ತಿದ್ದರು. ಒಲೆಯ ಮೇಲೆ ನೀರು ಮರಳಿಸಿ ಕತ್ತರಿಯನ್ನೂ ದಾರವನ್ನೂ ಬೇಯಿಸುವುದು ಕ್ರಮೇಣ ಆ ಸುತ್ತಿನ ಹಟ್ಟಿಗಳಲ್ಲಿ ಹೆರಿಗೆಯ ಶಾಸ್ತ್ರಗಳಲ್ಲಿ ಒಂದಾಯಿತು. ಬೂದಿ ಹೋಯಿತು ಎಂದು ಹೇಳಲಾರೆ. ಆದರೆ ದವಡೆ ಕಚ್ಚಿದ ಮಕ್ಕಳು ಕಡಿಮೆಯಾದವೆಂದು ಅವ್ವನೇ ಹೇಳುತ್ತಿದ್ದಳು, ಅದೂ ತನ್ನ ನೋಟುಪುಸ್ತಕವನ್ನು ತೆರೆದು ನೋಡಿ.

ಆ ನೋಟುಪುಸ್ತಕಗಳ ವಿಷಯ ಇಲ್ಲೇ ಹೇಳಬೇಕು. ಸರ್ಕಾರದ ರಿಜಿಸ್ಟರು ಬೇರೆ ಇತ್ತು. ಅದರಲ್ಲಿ ತಂದೆಯ ಹೆಸರು ಮುಖ್ಯ. ಅವ್ವನ ಸ್ವಂತ ಪುಸ್ತಕದಲ್ಲಿ ಎಡಗಡೆಗೆ ತಾಯಿಯ ಹೆಸರು, ಮುಂದೆ ಊರು, ದಿನ ತುಂಬುವ ತಿಂಗಳು, ಹೆರಿಗೆಯಾದ ತಾರೀಖು, ಮಗು ಗಂಡೋ ಹೆಣ್ಣೋ ಎಂಬುದು, ಕೊನೆಗೆ ತಾಯಿ ಹೇಗಿದ್ದಾಳೆ ಎಂಬ ಒಂದು ಮಾತು. ಶನಿವಾರ ರಾತ್ರಿ ದೀಪದ ಮುಂದೆ ಕುಳಿತು ದಿನ ತುಂಬುತ್ತಿದ್ದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಅದೇ ಆಕೆಯ ಪ್ರಾರ್ಥನೆ. ಗೌಡರ ಸೊಸೆ, ಮುಸಲ್ಮಾನರ ಹುಡುಗಿ, ಹೊಲಗೇರಿಯ ಬಸುರಿ, ಲಿಂಗಾಯತರ ಮನೆಯ ಚೊಚ್ಚಲು, ಎಲ್ಲರೂ ಅದೇ ಸಾಲಿನಲ್ಲಿ ಬರುತ್ತಿದ್ದರು. ನಾವು ಮಕ್ಕಳು ಮೊಣಕಾಲೂರಿ ತೂಕಡಿಸುತ್ತ ಒಂದೊಂದು ಹೆಸರಿಗೂ ‘ಆಮೆನ್’ ಎನ್ನಬೇಕಾಗಿತ್ತು.

1957ರ ಮಳೆಗಾಲ

ಆ ವರ್ಷ ತಂಗಿಗೆ ಮೂರು ತುಂಬಿತ್ತು. ಮಳೆ ಹಿಡಿದ ಒಂದು ಸಂಜೆ ಕೆರೆಯಾಚೆಯ ಹಟ್ಟಿಯಿಂದ ಗಾಡಿ ಬಂತು. ನೋವು ಕಂಡು ಎರಡು ದಿನವಾಗಿತ್ತು. ಮಗುವಿಗೆ ಮೈ ಸ್ವಲ್ಪ ಬೆಚ್ಚಗಿತ್ತು. ಅವ್ವ ಹಣೆ ಮುಟ್ಟಿ ನೋಡಿ, ನೆರೆಮನೆಯ ಅಜ್ಜಿಯನ್ನು ಕರೆದು ಕೂರಿಸಿ, ಕಷಾಯ ಕೊಡಲು ಹೇಳಿ ಗಾಡಿ ಹತ್ತಿದಳು. ನಡುರಾತ್ರಿಗೆ ವಾಂತಿಭೇದಿ ಹಿಡಿಯಿತು. ಹಳ್ಳ ತುಂಬಿ ದಾರಿ ಕಟ್ಟಿತ್ತು. ಹೇಳಿಕಳುಹಿಸಲು ಹೋದವನು ಅರ್ಧ ದಾರಿಯಿಂದ ಹಿಂದಿರುಗಿದ. ಬೆಳಕು ಹರಿಯುವ ಹೊತ್ತಿಗೆ ತಂಗಿ ಇರಲಿಲ್ಲ.

ಬಿಸಿಲೇರಿದ ಮೇಲೆ ಅವ್ವ ಬಂದಳು. ಅಲ್ಲಿ ತಾಯಿಯೂ ಮಗುವೂ ಉಳಿದಿದ್ದರು. ಬಾಗಿಲಲ್ಲಿ ಜನ ಕಂಡು ಏನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ, ದಿನವೂ ಮಾಡುವಂತೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಒಳಗೆ ಬಂದು ಮಗುವನ್ನು ಎತ್ತಿಕೊಂಡಳು.

ಊರ ಪಟೇಲರು ತೋರಿಸಿಕೊಟ್ಟ ಜಾಗದಲ್ಲಿ, ಹಾಸನದಿಂದ ಬಸ್ಸು ಹಿಡಿದು ಬಂದ ಉಪದೇಶಿಗಳು ಮಣ್ಣು ಮಾಡಿದರು. ಸೂಲಗಿತ್ತಿ ದೊಡ್ಡವ್ವ ನಮಗೆ ರಾಗಿ ಅಂಬಲಿ ಕಾಸಿ ಕುಡಿಸಿದಳು. ಮೂರನೆಯ ದಿನ ಇನ್ನೊಂದು ಗಾಡಿ ಬಂತು. ಅವ್ವ ತಗಡಿನ ಪೆಟ್ಟಿಗೆಯನ್ನು ತೆಗೆದುಕೊಂಡು ಹೊರಟಳು.

ಮಾಚಿಕಬ್ಬೆಯ ಶಾಸನವನ್ನು ನಾನು ಓದಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಆ ತಾಯಿಯ ಸಂಕಟದ ಮುಂದೆ ಯಾರೂ ತಲೆಬಾಗಲೇಬೇಕು. ಆದರೆ ಮಗಳನ್ನು ಕಳೆದುಕೊಂಡ ಮೂರನೆಯ ದಿನ ಬೇರೊಬ್ಬಳ ಮಗುವನ್ನು ಕೈಗೆ ತೆಗೆದುಕೊಳ್ಳಲು ಹೋದ ತಾಯಿಗೂ ಒಂದು ವ್ರತವಿತ್ತೆಂದು ನನಗೆ ತೋರುತ್ತದೆ. ಅದಕ್ಕೆ ಧರ್ಮಶಾಸ್ತ್ರದಲ್ಲಿ ಹೆಸರಿಲ್ಲ.

ಮುಂದಿನ ಹಲವು ವಾರ ಅವ್ವ ಆರಾಧನೆಯಲ್ಲಿ ಹಾಡಲಿಲ್ಲ. ಪುಸ್ತಕ ತೆರೆದು ಹಿಡಿದು ನಿಲ್ಲುತ್ತಿದ್ದಳು, ತುಟಿ ಆಡುತ್ತಿರಲಿಲ್ಲ. ರಾತ್ರಿ ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಅದು ಏಕೆಂದು ನನಗೆ ಆಗ ಗೊತ್ತಾಗಲಿಲ್ಲ.

ಮಾರ್ಥಳ ಪಕ್ಷ

1959ರಲ್ಲಿ ಬೇಲೂರಿಗೆ ವರ್ಗವಾಯಿತು. ಹಳೇಬೀಡಿನಿಂದ ಹತ್ತು ಮೈಲಿ. ಆದರೆ ನಮಗೆ ಪಟ್ಟಣಕ್ಕೆ ಬಂದಂತಾಯಿತು. ಚೆನ್ನಕೇಶವನ ರಥದ ಬೀದಿ, ಯಗಚಿಯ ಹೊಳೆ, ಸಂತೆ, ಹೈಸ್ಕೂಲು. ಕ್ರೈಸ್ತರ ಮನೆಗಳು ಕೆಲವೇ. ತಿಂಗಳಿಗೊಮ್ಮೆ ಉಪದೇಶಿಗಳು ಬಂದಾಗ ಯಾರಾದರೊಬ್ಬರ ಹಜಾರದಲ್ಲಿ ಆರಾಧನೆ. ಉಳಿದ ಭಾನುವಾರಗಳಲ್ಲಿ ನಾವೇ ಸೇರಿ ಹಾಡಿ, ಓದಿ, ಪ್ರಾರ್ಥಿಸುವುದು. ಹಜಾರ ಯಾರದಾದರೂ ಆಗಲಿ, ಮೊದಲು ಹೋಗಿ ಗುಡಿಸಿ, ಚಾಪೆ ಹಾಸಿ, ಮೇಜಿಗೆ ಬಿಳಿಯ ವಸ್ತ್ರ ಹೊದಿಸುತ್ತಿದ್ದವಳು ಅವ್ವ. ರಾತ್ರಿಯೆಲ್ಲ ಹೆರಿಗೆಯ ಮನೆಯಲ್ಲಿದ್ದು ಬಂದರೂ ಸರಿಯೇ, ಆರಾಧನೆಗೆ ತಪ್ಪುತ್ತಿರಲಿಲ್ಲ. ಆದರೆ ನಡುವೆ ಕರೆ ಬಂದರೆ, ಕರ್ತನ ಭೋಜನದ ಹೊತ್ತಾದರೂ, ಎದ್ದು ಹೋಗಿಬಿಡುವಳು.

ಇದು ಕೆಲವರಿಗೆ ಹಿಡಿಸುತ್ತಿರಲಿಲ್ಲ. ಒಂದು ಭಾನುವಾರ ಉಪದೇಶಿಗಳು ಲೂಕನ ಸುವಾರ್ತೆಯಿಂದ ಮಾರ್ಥ ಮರಿಯರ ಪ್ರಸಂಗವನ್ನು ಎತ್ತಿಕೊಂಡರು. ಬೇಥಾನ್ಯದ ಅಕ್ಕತಂಗಿಯರ ಮನೆಗೆ ಯೇಸುಸ್ವಾಮಿ ಬಂದಾಗ ಮರಿಯಳು ಆತನ ಪಾದದ ಬಳಿ ಕುಳಿತು ಉಪದೇಶ ಕೇಳುತ್ತಾಳೆ. ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿ ತಂಗಿಯ ಮೇಲೆ ದೂರು ಹೇಳುತ್ತಾಳೆ. ಸ್ವಾಮಿ ಮರಿಯಳ ಪರವಾಗಿ ಮಾತಾಡುತ್ತಾನೆ. ಕೆಲಸ ಕೆಲಸವೆಂದು ಒದ್ದಾಡುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಉಪದೇಶಿಗಳು ಮುಗಿಸಿದರು. ಕೆಲವರ ಕಣ್ಣು ಅವ್ವನ ಕಡೆ ತಿರುಗಿತು.

ಆ ದಿನದ ಊಟ ಉಪದೇಶಿಗಳಿಗೆ ನಮ್ಮ ಮನೆಯಲ್ಲಿ. ಮುದ್ದೆ ಬಡಿಸಿ, ಹುರುಳಿ ಸಾರು ಬಿಟ್ಟು, ಅವ್ವ ನಿಧಾನವಾಗಿ ಕೇಳಿದಳು: “ಅಯ್ಯನವರೇ, ಆ ದಿನ ಮಾರ್ಥಳೂ ಕೂತುಬಿಟ್ಟಿದ್ದರೆ ಊಟಕ್ಕೇನು ಮಾಡುತ್ತಿದ್ದರು?”

ಉಪದೇಶಿಗಳು ಒಳ್ಳೆಯವರು, ಗಟ್ಟಿಯಾಗಿ ನಕ್ಕರು. “ಸ್ವಾಮಿ ಅಡಿಗೆಯನ್ನು ಬೇಡ ಅನ್ನಲಿಲ್ಲವಮ್ಮ, ಕಳವಳವನ್ನು ಬೇಡ ಅಂದರು” ಎಂದರು.

“ಅದು ಸರಿ,” ಎಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದಳು: “ಆದರೆ ತಮ್ಮ ಸತ್ತಾಗ ಊರಾಚೆಗೆ ಎದ್ದು ಹೋಗಿ ಸ್ವಾಮಿಯನ್ನು ಎದುರುಗೊಂಡವಳು ಯಾರು, ಅಯ್ಯನವರೇ? ಮರಿಯಳು ಮನೆಯಲ್ಲೇ ಕೂತಿದ್ದಳು. ನೀನು ತಡಮಾಡಿದೆ, ಇಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದವಳು ಮಾರ್ಥಳು. ಕೇಳಿದ ಮೇಲೂ ನೀನೇ ಕ್ರಿಸ್ತನೆಂದು ನಂಬಿದ್ದೇನೆ ಅಂದವಳೂ ಅವಳೇ. ಅಷ್ಟು ದೊಡ್ಡ ಮಾತು ಒಲೆಯ ಮುಂದಿನವಳ ಬಾಯಲ್ಲಿ ಹೇಗೆ ಬಂತು?”

ಉಪದೇಶಿಗಳು ತಲೆ ತಗ್ಗಿಸಿ ತುತ್ತು ಕೈಯಲ್ಲಿ ಹಿಡಿದೇ ಕುಳಿತರು. ಎರಡು ವರ್ಷದ ಹಿಂದೆ ಹಳೇಬೀಡಿಗೆ ಬಸ್ಸಿನಲ್ಲಿ ಬಂದು ನಮ್ಮ ತಂಗಿಯನ್ನು ಮಣ್ಣು ಮಾಡಿದವರು ಅವರೇ. ಹನ್ನೊಂದನೆಯ ಅಧ್ಯಾಯದ ಅರ್ಥ ನನಗೂ ಆಗ ಹೊಳೆಯಿತು. ಅವ್ವ ಇನ್ನೊಂದು ಸೌಟು ಸಾರು ಬಡಿಸಿದಳು. ಮುಂದಿನ ತಿಂಗಳು ಬಂದಾಗ ಉಪದೇಶಿಗಳು ಯೋಹಾನನ ಆ ಭಾಗವನ್ನೇ ಪ್ರಸಂಗಕ್ಕೆ ಆರಿಸಿಕೊಂಡರು. ಅಂದು ಅವ್ವ ಹಾಡಿದಳು.

ಬಸದಿಯಲ್ಲಿ ಒಂದು ಪ್ರಶ್ನೆ

ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದಾಗ ಒಂದು ರಜೆಯಲ್ಲಿ ಅವ್ವನನ್ನು ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಕರೆದುಕೊಂಡು ಹೋದೆ. ಅಷ್ಟು ವರ್ಷ ಆ ಊರಿನಲ್ಲಿದ್ದರೂ ಆಕೆ ಅದರ ಒಳಗೆ ಹೋಗಿರಲಿಲ್ಲ. ಹೊಯ್ಸಳೇಶ್ವರವನ್ನು ಕಂಡದ್ದೂ ಗಾಡಿಯಲ್ಲಿ ಹಾದುಹೋಗುವಾಗಲೇ. ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ನೋಡಿ, “ಎಷ್ಟು ಉಜ್ಜಿದರೋ!” ಎಂದಳು.

ಆ ಬಸದಿಯನ್ನು ಗಂಗರಾಜನ ಮಗ ಬೊಪ್ಪನು ತನ್ನ ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಅದೇ ಹೊತ್ತಿಗೆ ಅರಸನು ಹಗೆಯನ್ನು ಗೆದ್ದಿದ್ದನು. ಅದೇ ಹೊತ್ತಿಗೆ ರಾಣಿಗೆ ಗಂಡುಮಗುವಾಗಿತ್ತು. ಹರ್ಷಗೊಂಡ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಶಾಸನದ ಈ ಸಂಗತಿಯನ್ನು ನಾನು ಉತ್ಸಾಹದಿಂದ ವಿವರಿಸಿದೆ. ಗೆಲುವು, ಪ್ರತಿಷ್ಠೆ, ಜನನ ಮೂರೂ ಒಂದೇ ಕಲ್ಲಿನಲ್ಲಿ!

ಅವ್ವ ಎಲ್ಲವನ್ನೂ ಕೇಳಿ, “ತಾಯಿ ಹೇಗಿದ್ದಳಂತೆ?” ಎಂದಳು.

ಕಲ್ಲಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆಮೇಲೆ ನಾನು ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದೆ. ಯಾವ ವಿದ್ವಾಂಸನ ಗ್ರಂಥವೂ ನನಗೆ ಅಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಪಾಠ ಕಲಿಸಲಿಲ್ಲ.

ಅರಸೀಕೆರೆ

1966ರಲ್ಲಿ ಅವ್ವ ಅರಸೀಕೆರೆಗೆ ಹಿಂದಿರುಗಿದಳು. ಹತ್ತು ವರ್ಷ ಅಲ್ಲಿ ದುಡಿದು 1976ರಲ್ಲಿ ನಿವೃತ್ತಳಾದಳು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಹೆಸರು ಬಂತೆನ್ನುತ್ತಾರೆ. ನಮಗೆ ಅದು ರೈಲಿನ ಊರು, ತೆಂಗಿನ ಊರು. ರಾತ್ರಿಯ ಪಾಳಿಯಲ್ಲಿ ಗಡಿಯಾರ ನೋಡುವ ಅಗತ್ಯ ಆಕೆಗಿರಲಿಲ್ಲ. ಯಾವ ಗಾಡಿ ಬಂತೆಂಬುದನ್ನು ಸಿಳ್ಳಿನಿಂದಲೇ ತಿಳಿದು ಹೆರಿಗೆಯ ಹೊತ್ತನ್ನು ಬರೆದುಕೊಳ್ಳುತ್ತಿದ್ದಳು.

ನಿವೃತ್ತಿಯ ಮೇಲೆ ದೇವಾಲಯದ ಕೆಲಸ ಹೆಚ್ಚಾಯಿತು. ಕರ್ತನ ಭೋಜನದ ವಸ್ತ್ರಗಳನ್ನು ಒಗೆದು ಗಂಜಿ ಹಾಕುವುದು, ಸ್ತ್ರೀಯರ ಪ್ರಾರ್ಥನಾ ಕೂಟ ನಡೆಸುವುದು, ಹೊಸದಾಗಿ ಬಂದ ಸೊಸೆಯಂದಿರಿಗೆ ಹಾಡು ಕಲಿಸುವುದು. ಸುಗ್ಗಿ ಹಬ್ಬದ ದಿನ ಕಾಣಿಕೆ ಹರಾಜಿಗೆ ಆಕೆ ತರುತ್ತಿದ್ದ ತೆಂಗಿನಕಾಯಿಗಳ ರಾಶಿ ಎಲ್ಲರದಕ್ಕಿಂತ ದೊಡ್ಡದು. ನಮಗೆ ಒಂದು ಮರವೂ ಇರಲಿಲ್ಲ. ತನ್ನ ಕೈಯಲ್ಲಿ ಹುಟ್ಟಿದ ಮಕ್ಕಳ ತಾಯಂದಿರು ಕೊಟ್ಟ ಕಾಯಿಗಳು ಅವು; ಹಣವನ್ನು ಮುಟ್ಟದವಳು ಕಾಯಿಯನ್ನು ಬೇಡವೆನ್ನುತ್ತಿರಲಿಲ್ಲ. ಗಣಪತಿಗೆ ಒಡೆಯಬೇಕೆಂದು ಬೆಳೆದ ಕಾಯಿ ಕ್ರಿಸ್ತನ ಸುಗ್ಗಿಗೆ ಬಂದರೆ ಕೊಟ್ಟವಳಿಗೂ ಸಂಕೋಚವಿರಲಿಲ್ಲ, ತಂದವಳಿಗೂ ಇರಲಿಲ್ಲ. ಊರಿನ ಸೌಹಾರ್ದವೆಂದು ಈಗ ಸಭೆಗಳಲ್ಲಿ ಭಾಷಣ ಮಾಡುವುದು ಇಂಥ ತೆಂಗಿನಕಾಯಿಗಳಿಂದ ಆದದ್ದು.

1994ರಲ್ಲಿ ಅವ್ವ ತೀರಿಕೊಂಡಳು. ಕಾಯಿಲೆ ಬಹಳ ದಿನದ್ದಲ್ಲ. ಹಿಂದಿನ ಶನಿವಾರದ ರಾತ್ರಿಯೂ ಹೆಸರುಗಳನ್ನು ಓದಿದ್ದಳು. ದಿನ ತುಂಬುವವರ ಪಟ್ಟಿ ಆಗ ಇರಲಿಲ್ಲವಾದ್ದರಿಂದ ಹಳೆಯ ಪುಸ್ತಕದಿಂದಲೇ ಒಂದೊಂದು ಪುಟ ಓದುವ ರೂಢಿ ಮಾಡಿಕೊಂಡಿದ್ದಳು. ಅಂತ್ಯಕ್ರಿಯೆಗೆ ಜಾವಗಲ್ಲಿನ ಕಡೆಯಿಂದ, ಹಳೇಬೀಡಿನಿಂದ, ಬೇಲೂರಿನಿಂದ ಹೆಂಗಸರು ಬಸ್ಸಿಳಿದು ಬಂದರು. ದೇವಾಲಯದೊಳಕ್ಕೆ ಬರಬಹುದೋ ಬಾರದೋ ಎಂದು ಅಂಗಳದಲ್ಲಿ ನಿಂತವರನ್ನು ಸಭಾಪಾಲಕರೇ ಹೊರಬಂದು ಒಳಗೆ ಕರೆದರು. ಜಾಗ ಸಾಲದೆ ಸಭೆಯವರು ಎದ್ದು ಗೋಡೆಯ ಬದಿಗೆ ನಿಂತರು.

ಮೂರು ನೋಟುಪುಸ್ತಕಗಳು ನನ್ನ ಬಳಿಯಿವೆ. ಹಾಳೆ ಹಳದಿಯಾಗಿದೆ, ಕೆಲವು ಕಡೆ ಶಾಯಿಯ ಮೇಲೆ ಡೆಟಾಲಿನ ಕಲೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಾಡಿಗೆ ಅದು ಸಂತೋಷದ ಸಂಗತಿ. ಅಂಥ ಕಲ್ಲುಗಳನ್ನು ಕಾಪಾಡಲೇಬೇಕು. ಆದರೆ ಆ ಗುಡಿಗಳ ನೆರಳಿನಲ್ಲಿ ಹುಟ್ಟಿದ ಮಕ್ಕಳನ್ನು ನೆಲಕ್ಕೆ ಬೀಳದಂತೆ ಹಿಡಿದ ಕೈಗಳ ಲೆಕ್ಕವನ್ನು ಯಾವ ಪಟ್ಟಿಯೂ ಇಡುವುದಿಲ್ಲ. ಈ ಪುಸ್ತಕಗಳಲ್ಲಿ ಬಿರುದುಗಳಿಲ್ಲ, ದಾನದತ್ತಿಗಳಿಲ್ಲ, ಹಾಳುಮಾಡಿದವರಿಗೆ ಶಾಪವೂ ಇಲ್ಲ. ಎಡಗಡೆಗೆ ಹೆಸರು, ಬಲಗಡೆಗೆ ಒಂದು ಮಾತು. ಪುಟದ ಮೇಲೆ ಪುಟ ಅದೇ ಮಾತು, ಅದೇ ದುಂಡನೆಯ ಕೈಬರಹದಲ್ಲಿ: ತಾಯಿ ಚೆನ್ನಾಗಿದ್ದಾಳೆ.